ಕಟ್ಟಿದವರ ಹೆಸರು, ಕಾಯುವವರ ಪಾಲು: ಇಕ್ಕೇರಿ ಸೀಮೆಯ ಕೆರೆಗಳೂ ಶಾಸನಗಳೂ

ತಾಳಗುಂದದ ಸ್ತಂಭಶಾಸನ ಅಂದ ಕೂಡಲೇ ನಮಗೆ ನೆನಪಾಗುವುದು ಮಯೂರಶರ್ಮ. ಅವನು ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು. ಪಠ್ಯಪುಸ್ತಕದಿಂದ ಸಿನಿಮಾದವರೆಗೆ ಇದೇ ಕಥೆ. ಆದರೆ ಆ ಕಂಬವನ್ನು ನಿಲ್ಲಿಸಿದ ಕಾರಣ ಬೇರೆ. ಸ್ಥಾನಕುಂದೂರಿನ ಶಿವಾಲಯದ ಪಕ್ಕದಲ್ಲಿ ಕಾಕುಸ್ಥವರ್ಮ ಒಂದು ಕೆರೆ ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಆ ಸಂಗತಿಯನ್ನು ಶ್ಲೋಕಗಳಲ್ಲಿ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದ. ಅಂದರೆ 5ನೇ ಶತಮಾನದ ಈ ಪ್ರಸಿದ್ಧ ಶಾಸನ, ರೈಸ್ ಅವರ ಪಟ್ಟಿಯಲ್ಲಿ ಶಿಕಾರಿಪುರ 176, ಮೂಲತಃ ಒಂದು ಕೆರೆಯ ಶಾಸನ. ವಂಶಾವಳಿಯೆಲ್ಲ ಆ ಕೆರೆಗೆ ಪೀಠಿಕೆ.

ಎಂಜಿನಿಯರ್ ಆದವನ ಕಣ್ಣು ಮಾತ್ರ ಇಲ್ಲಿ ಬೇರೆ ಏನನ್ನೋ ಹುಡುಕುತ್ತದೆ. ಏರಿ ಎಷ್ಟು ಉದ್ದ? ತೂಬು ಎಲ್ಲಿ? ಹೂಳು ತುಂಬಿದರೆ ಯಾರು ತೆಗೆಯಬೇಕು, ಆ ಖರ್ಚು ಎಲ್ಲಿಂದ? ಕುಬ್ಜ ಇದ್ಯಾವುದನ್ನೂ ಹೇಳುವುದಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅರಸ ಕಟ್ಟಿಸಿದ, ಕವಿ ಬರೆದ, ಮುಗಿಯಿತು. ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಕಾವ್ಯಗುಣ ಏನೂ ಇಲ್ಲದ, ಅರ್ಧ ಸವೆದ, ಊರ ಹೊರಗಿನ ಗದ್ದೆ ಬದುವಿನಲ್ಲಿ ಓರೆಯಾಗಿ ನಿಂತ ಸಣ್ಣ ಕಲ್ಲುಗಳಲ್ಲಿ. ರಾಜಕೀಯ ಇತಿಹಾಸಕ್ಕೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ ಅಂತ ನಮ್ಮಲ್ಲಿ ಅನೇಕರು ಪುಟ ತಿರುಗಿಸುತ್ತೇವೆ. ನೀರಾವರಿ ಯೋಜನೆ ಒಂದು ತಲೆಮಾರು ಬಾಳುತ್ತದೋ ಹತ್ತು ತಲೆಮಾರು ಬಾಳುತ್ತದೋ ಅನ್ನುವುದು ತೀರ್ಮಾನವಾಗಿರುವುದು ಆ ಪುಟಗಳಲ್ಲೇ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಅಂದರೆ ಮಲೆನಾಡು. ಇಲ್ಲಿ ನೀರಿನ ಕೊರತೆಯ ಮಾತೆಲ್ಲಿಂದ ಬಂತು? ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಶರಾವತಿ ಹುಟ್ಟುವುದು ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ. ವರದೆ ಹುಟ್ಟುವುದು ಇಕ್ಕೇರಿಯ ಹತ್ತಿರದ ವರದಾಮೂಲದಲ್ಲಿ. ಎಲ್ಲ ಸರಿ. ಆದರೆ ಈ ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಹುಪಾಲು ಮುಗಿಯುತ್ತದೆ. ಜಂಬಿಟ್ಟಿಗೆ ನೆಲ, ಇಳಿಜಾರು ಗುಡ್ಡ, ಹಳ್ಳ ಸಿಕ್ಕಿದ ಕೂಡಲೇ ಓಡುವ ನೀರು. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಹೇಗೆ ಇಳಿಯುತ್ತದೆ ಅಂದರೆ, ಆನಂದಪುರ ದಾಟಿ ಶಿಕಾರಿಪುರದ ಬಯಲಿಗೆ ಬರುವಷ್ಟರಲ್ಲಿ ಅದು ಬೇರೆಯೇ ಸೀಮೆ. ಮಾರ್ಚ್ ಬಂದರೆ ಹಿನ್ನೀರಿನ ದಂಡೆಯ ಊರಿಗೂ ಟ್ಯಾಂಕರ್ ಬರುವುದನ್ನು ನಾವೆಲ್ಲ ನೋಡಿದ್ದೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವಲ್ಲ, ಆ ಪಟ್ಟಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಇದ್ದವು.

ಹಾಗಾಗಿ ಇಲ್ಲಿಯ ಕೆರೆಯ ಕೆಲಸ ಬಯಲುಸೀಮೆಯ ಕೆರೆಯ ಕೆಲಸಕ್ಕಿಂತ ಬೇರೆ. ಅಲ್ಲಿ ಕೆರೆ ಮಳೆಯನ್ನು ಹಿಡಿದು ಬೆಳೆಗೆ ಕೊಡುತ್ತದೆ. ಇಲ್ಲಿ ಭತ್ತದ ಬೆಳೆಗೆ ಮಳೆಯೇ ಸಾಕು. ಕೆರೆ ಬೇಕಾಗುವುದು ಜನವರಿಯಿಂದ ಮೇ ತನಕ ಅಡಿಕೆ ತೋಟವನ್ನು ಜೀವಂತ ಇಡಲು. ಮೇಲೆ ಸೊಪ್ಪಿನಬೆಟ್ಟ ಅಥವಾ ಕಾನು, ಅದರ ಬುಡದಲ್ಲಿ ಕೆರೆ, ಕೆರೆಯ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ. ಕಣಿವೆಯ ಈ ಮೆಟ್ಟಿಲು ಜೋಡಣೆಯಲ್ಲಿ ಒಂದು ಮೆಟ್ಟಿಲು ಸಡಿಲಾದರೂ ಕೆಳಗಿನದಕ್ಕೆ ಪೆಟ್ಟು. ಕಾನು ಅಂದರೆ ಬರೀ ಸೌದೆಯ ಕಾಡಲ್ಲ, ನೀರಿನ ಮೂಲ ಅನ್ನುವುದು ಊರಿನವರಿಗೆ ಗೊತ್ತೇ ಇತ್ತು. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಬರೆದ ಜಂಟಿ ವರದಿ 1868ರದು. ಅಷ್ಟು ಹಿಂದೆಯೇ ಇದು ಸರ್ಕಾರದ ಕಾಗದಕ್ಕೂ ಬಂದಿದೆ.

ಈಗ ಶಾಸನಗಳಿಗೆ ಬರೋಣ. ಸಾಗರ, ನಗರ, ತೀರ್ಥಹಳ್ಳಿ, ಸೊರಬ ತಾಲ್ಲೂಕುಗಳ ಶಾಸನಗಳನ್ನು ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಪ್ರಕಟಿಸಿದರು. (ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ.) ಇಲ್ಲಿಯೂ ಎರಡು ಬಗೆಯ ಕಲ್ಲುಗಳಿವೆ. ಹುಂಚದ ಪಂಚಕೂಟ ಬಸದಿಯ 1077ರ ದೊಡ್ಡ ಶಾಸನ ತಾಳಗುಂದದ ಜಾತಿಯದು. ಚಟ್ಟಲದೇವಿ ಮಾಡಿಸಿದ ಪುಣ್ಯಕಾರ್ಯಗಳ ಸಾಲಿನಲ್ಲಿ ಬಸದಿ, ದೇವಾಲಯ, ಅರವಟ್ಟಿಗೆಗಳ ಜೊತೆ ಕೆರೆ ಬಾವಿಗಳೂ ಬರುತ್ತವೆ. ಹೊಗಳಿಕೆಯ ಮಾತಿನ ನಡುವೆ ಕೆರೆ ಒಂದು ಪದವಾಗಿ ಬಂದು ಹೋಗುತ್ತದೆ, ಅಷ್ಟೆ.

ಇನ್ನೊಂದು ಬಗೆಯ ಕಲ್ಲುಗಳ ಶಬ್ದಭಂಡಾರ ಬೇರೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಕೊಡಗೆ, ದಶವಂದ. ಕರ್ನಾಟಕದ ಉದ್ದಗಲಕ್ಕೂ ಗಂಗರ ಕಾಲದಿಂದ ವಿಜಯನಗರದವರೆಗೆ ಈ ಪದಗಳು ಸಿಗುತ್ತವೆ. ಸೂಕ್ಷ್ಮ ವ್ಯತ್ಯಾಸಗಳ ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ, ಅದು ಇರಲಿ. ಸಾರಾಂಶ ಒಂದೇ: ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿ ಮಾಡುವವನಿಗೆ, ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಇಷ್ಟು ಕೊಳಗ ಬಿತ್ತುವಷ್ಟು ನೆಲ, ಇಲ್ಲವೇ ಬೆಳೆಯಲ್ಲಿ ಇಷ್ಟು ಪಾಲು. ದಶವಂದದಲ್ಲಿ ಹೆಸರೇ ಹೇಳುವಂತೆ ಹತ್ತರಲ್ಲೊಂದು. ಕೆಲವು ಶಾಸನಗಳಲ್ಲಿ ‘ಕೆರೆಯ ಬಂಡಿ’ ಬರುತ್ತದೆ. ವರ್ಷ ವರ್ಷ ಹೂಳು ಹೊತ್ತು ಏರಿಗೆ ಹಾಕುವ ಗಾಡಿ. ಗಾಡಿ ಹೊಡೆಯುವವನಿಗೂ ಕೋಣಗಳಿಗೂ ಬೇರೆಯಾಗಿ ದತ್ತಿ.

ಈ ಏರ್ಪಾಡಿನ ಜಾಣತನ ಎಲ್ಲಿದೆ ನೋಡಿ. ದತ್ತಿ ಕೊಟ್ಟ ನೆಲ ಕೆರೆಯ ಕೆಳಗೇ ಇದೆ. ಏರಿ ಒಡೆದರೆ, ತೂಬು ಕಟ್ಟಿಕೊಂಡರೆ, ಮೊದಲು ಒಣಗುವುದು ಕೆರೆ ಕಾಯುವವನ ಗದ್ದೆ. ಅವನ ಸಂಬಳ ಕೆರೆಯ ಆರೋಗ್ಯದ ಮೇಲೇ ನಿಂತಿದೆ. ಯಾರೂ ತಪಾಸಣೆಗೆ ಬರಬೇಕಾಗಿಲ್ಲ. ಇವತ್ತಿನ ಗುತ್ತಿಗೆ ಪದ್ಧತಿಯಲ್ಲಿ ಕೆಲಸ ಮುಗಿದ ದಿನ ಬಿಲ್ ಪಾಸಾಗುತ್ತದೆ. ದೋಷ ಹೊಣೆಗಾರಿಕೆಯ ಅವಧಿ ಎರಡೋ ಮೂರೋ ವರ್ಷ ಇದ್ದರೆ ಅದೇ ದೊಡ್ಡದು. ಕಟ್ಟುಕೊಡಗೆಯಲ್ಲಿ ಆ ಅವಧಿ ಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರು ಇರುವ ತನಕ! ಶಾಸನದ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳನ್ನು ನಾವು ಅಚ್ಚೊತ್ತಿದ ಮಾಮೂಲು ಸಾಲು ಅಂತ ಬಿಟ್ಟುಬಿಡುತ್ತೇವೆ. ಅವುಗಳಲ್ಲಿ ಒಂದರ ಅರ್ಥ, ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಉಳಿಸಿಕೊಂಡು ಹೋಗುವುದು ಹೆಚ್ಚಿನ ಪುಣ್ಯ ಎಂದು. ನಿರ್ವಹಣೆಯ ಬಗ್ಗೆ ಇಷ್ಟು ಸ್ಪಷ್ಟವಾದ ನೀತಿ ಇವತ್ತಿನ ಯಾವ ಯೋಜನಾ ವರದಿಯಲ್ಲೂ ನಾನು ಕಂಡಿಲ್ಲ.

ಖರ್ಚು ಹಂಚಿಕೊಳ್ಳುವ ಲೆಕ್ಕಕ್ಕೆ ನನಗೆ ಇಷ್ಟವಾದ ಉದಾಹರಣೆ ನಮ್ಮ ತಾಲ್ಲೂಕುಗಳದ್ದಲ್ಲ, ತುಂಗೆಯ ನೀರು ಹರಿದು ಹೋಗುವ ಹರಿಹರದ್ದು. ಸೂಳೆಕೆರೆಯಿಂದ ಹೊರಬೀಳುವ ಹರಿದ್ರಾ ಹಳ್ಳಕ್ಕೆ 1410ರಲ್ಲಿ ಅಲ್ಲಿಯ ದೇವಸ್ಥಾನದವರೂ ಬ್ರಾಹ್ಮಣರೂ ಸೇರಿ ಒಂದು ಅಣೆ ಕಟ್ಟಿದರು. ಕಾಲುವೆಯ ಕೆಳಗೆ ಸಿಗುವ ನೆಲದಲ್ಲಿ ದೇವರಿಗೆ ಎರಡು ಪಾಲು, ಬ್ರಾಹ್ಮಣರಿಗೆ ಒಂದು ಪಾಲು. ಮುಂದೆ ದುರಸ್ತಿ ಬಂದರೆ ಖರ್ಚೂ ಹಾಗೆಯೇ ಎರಡಕ್ಕೆ ಒಂದು. ಲಾಭ ಯಾವ ಪ್ರಮಾಣವೋ ಹೊರೆಯೂ ಅದೇ ಪ್ರಮಾಣ. ಹದಿನಾಲ್ಕು ವರ್ಷಕ್ಕೆ, 1424ರಲ್ಲಿ, ಅಣೆ ಒಡೆಯಿತು. ಆಗ ಈ ಒಪ್ಪಂದದ ಹಣ ಸಾಲಲಿಲ್ಲ ಅಂತ ಕಾಣುತ್ತದೆ, ದಂಡನಾಯಕ ಚಾಮನೃಪನ ಹೊನ್ನಿನಿಂದ ಮತ್ತೆ ಕಟ್ಟಬೇಕಾಯಿತು. ಅದಕ್ಕೂ ಒಂದು ಶಾಸನ ಹಾಕಿದ್ದಾರೆ. ಹಳಬರು ಕಟ್ಟಿದ್ದೆಲ್ಲ ಕಲ್ಲಿನ ಹಾಗೆ ನಿಂತಿತ್ತು ಅನ್ನುವವರು ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಬೇಕು. ಒಡೆಯುತ್ತಿತ್ತು. ಒಡೆದಾಗ ಏನು ಮಾಡಬೇಕು ಅನ್ನುವುದು ಮೊದಲೇ ಬರೆದಿರುತ್ತಿತ್ತು, ಬರೆದದ್ದು ಸಾಲದಿದ್ದಾಗ ಮೇಲಿನವರು ಬರುತ್ತಿದ್ದರು.

ವಿನ್ಯಾಸದ ಕಡೆಯಿಂದ ನೋಡುವುದಾದರೆ ಪೋರುಮಾಮಿಳ್ಳ ಶಾಸನವನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಈಗಿನ ಆಂಧ್ರದ ಕಡಪ ಜಿಲ್ಲೆಯದು, 1369ರದು, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಲ್ಲಿ ನೀರು ಒಸರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕಟ್ಟುವುದು, ನಡುವೆ ಆಮೆಯ ಬೆನ್ನಿನಂಥ ದಿಬ್ಬ. ಆಮೇಲೆ ಉಳಿದ ಎರಡು: ನೀರು ಕಡಿಮೆಯಿದ್ದು ನೆಲ ಹೆಚ್ಚಾಗುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಾಗುವುದು. (ಎರಡು ರಾಜ್ಯಗಳ ಗಡಿಯ ಮಾತು ಓದಿದಾಗ ಕಾವೇರಿ, ಕೃಷ್ಣೆ, ಮಹದಾಯಿ ನೆನಪಾಗದೆ ಇರುವ ಕನ್ನಡಿಗನಿಲ್ಲ.) ನಮ್ಮ ಇವತ್ತಿನ ಕಥೆಗೆ ಬೇಕಾದದ್ದು ಐದನೆಯ ದೋಷ. ಹೊಸದಾಗಿ ಕಟ್ಟುವಾಗ ಅದು ಇಲ್ಲದಿರಬಹುದು, ಆದರೆ ಅಚ್ಚುಕಟ್ಟು ಬೆಳೆಯುತ್ತಾ ಹೋದರೆ ಕೆರೆ ಇದ್ದಲ್ಲೇ ಇದ್ದು ಆ ದೋಷಕ್ಕೆ ಒಳಗಾಗುತ್ತದೆ.

ಇಕ್ಕೇರಿ ಅರಸರ ಹತ್ತಿರ ಇದಕ್ಕೆ ಒಂದು ಲೆಕ್ಕ ಇತ್ತು. ಸದಾಶಿವನಾಯಕ 16ನೇ ಶತಮಾನದಲ್ಲಿ ಕೆಳದಿಗೂ ಇಕ್ಕೇರಿಗೂ ನಡುವೆ ಕಟ್ಟಿಸಿದ ಕೆರೆ ಸದಾಶಿವಸಾಗರ. ಊರಿನ ಹೆಸರು ಸಾಗರ ಆದದ್ದು ಅದರಿಂದ. ಪೇಟೆಯ ಪಕ್ಕದ ಗಣಪತಿ ಕೆರೆಯೇ ಅದು. ಆದರೆ ನಾನು ಹೇಳಹೊರಟದ್ದು ಶಿವಪ್ಪನಾಯಕನ ಶಿಸ್ತಿನ ಬಗ್ಗೆ. 1645ರಿಂದ 1660ರವರೆಗೆ ಆಳಿದ ಅವನ ಭೂಕಂದಾಯ ಪದ್ಧತಿಯನ್ನು ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ವಿವರಿಸಿದ್ದಾರೆ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಗದ್ದೆ ಆರಿಸಿ, ಹನ್ನೆರಡು ವರ್ಷ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಬಂದ ಬೆಳೆ, ಸಿಕ್ಕಿದ ಬೆಲೆ ಎಲ್ಲದರ ಲೆಕ್ಕ ಇಟ್ಟು, ಸರಾಸರಿ ತೆಗೆದು ಮೂರರಲ್ಲೊಂದು ಪಾಲು ಕಂದಾಯ. ನೆಲಕ್ಕೆ ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆ. ಹನ್ನೆರಡು ವರ್ಷ ಅನ್ನುವುದನ್ನು ಗಮನಿಸಿ. ಅಷ್ಟು ವರ್ಷದಲ್ಲಿ ಎರಡು ಮೂರು ಬರಗಾಲ ಬಂದೇ ಬರುತ್ತದೆ. ಇವತ್ತು ಏತ ನೀರಾವರಿಗೆ ವಿಸ್ತೃತ ಯೋಜನಾ ವರದಿ ಮಾಡುವವರಿಗೆ ಅಷ್ಟು ಸಾವಧಾನ ಎಲ್ಲಿದೆ?

ತೋಟದ ಅಳತೆ ಇನ್ನೂ ಸ್ವಾರಸ್ಯ. ಅದಕ್ಕೆ ಬಳಸಿದ ಕೋಲಿನ ಉದ್ದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದದಷ್ಟು, ಇಂಗ್ಲಿಷ್ ಅಳತೆಯಲ್ಲಿ ಸುಮಾರು 18 ಅಡಿ 6 ಅಂಗುಲ. ಆ ಕೋಲಿನಷ್ಟು ಜಾಗಕ್ಕೆ ‘ದಾಯ’ ಎಂದು ಹೆಸರು, ಒಂದು ದಾಯಕ್ಕೆ ಒಂದು ಮರ ಅಂತ ಲೆಕ್ಕ, ಸಾವಿರ ಮರಕ್ಕೆ ಇಷ್ಟು ವರಹ ಅಂತ ಕಂದಾಯ. ಇಡೀ ಸೀಮೆಯ ತೋಟಗಳ ಅಳತೆಗೋಲು ಯಾರೂ ಕದಿಯಲಾಗದ, ಯಾರೂ ಕತ್ತರಿಸಿ ಗಿಡ್ಡ ಮಾಡಲಾಗದ ಜಾಗದಲ್ಲಿತ್ತು! ಅಘೋರೇಶ್ವರಕ್ಕೆ ಹೋದವರು ನೆಲದ ಮೇಲಿನ ಅಡ್ಡಬಿದ್ದ ನಾಯಕರ ಉಬ್ಬುಚಿತ್ರ ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಮುಂದಿನ ಸಲ ಮೆಟ್ಟಿಲನ್ನೂ ನೋಡಿ.

ಈ 18 ಅಡಿ 6 ಅಂಗುಲದ ಜೊತೆ ಸ್ವಲ್ಪ ಗುಣಾಕಾರ ಮಾಡೋಣ. ಇದು ನನ್ನ ಲೆಕ್ಕ, ಒಪ್ಪದಿದ್ದವರು ಬರೆಯಿರಿ. ಅಡಿಕೆಗೆ ಈಗ ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ ಹತ್ತಿರ ಹತ್ತಿರ 9 ಅಡಿ. ದಾಯದ ಅರ್ಧ 9 ಅಡಿ 3 ಅಂಗುಲ. ಇದು ಕಾಕತಾಳೀಯ ಅಂತ ನನಗನಿಸುವುದಿಲ್ಲ. ಒಂದು ದಾಯವನ್ನು ಚೌಕ ಅಂತ ಹಿಡಿದರೆ ಎಕರೆಗೆ ಸುಮಾರು 127 ಮರ. ಈಗಿನ 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 537. ಒಂದೋ ಆಗಿನ ತೋಟ ಈಗಿನದಕ್ಕಿಂತ ನಾಲ್ಕು ಪಟ್ಟು ತೆಳುವಾಗಿತ್ತು, ಇಲ್ಲವೇ ಮರಗಳು ಈಗಿನಷ್ಟೇ ದಟ್ಟವಾಗಿದ್ದು, ಎಳೆಗಿಡ, ಮುದಿಮರ, ಬಾಳೆ ಎಲ್ಲವನ್ನೂ ಬಿಟ್ಟು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಕಂದಾಯ ಹಾಕುತ್ತಿದ್ದರು. ನನಗೆ ಎರಡನೆಯದು ಹೆಚ್ಚು ಸರಿ ಅನಿಸುತ್ತದೆ, ಅಡಿಕೆ ಬೆಳೆಗಾರ ಅಷ್ಟೊಂದು ಬಿಸಿಲನ್ನು ತೋಟದೊಳಗೆ ಬಿಡುವವನಲ್ಲ. ಯಾವುದೇ ಆಗಲಿ, ಒಂದು ಕೆರೆಯ ಕೆಳಗೆ ಎಷ್ಟು ದಾಯ ತೋಟವಿದೆ ಅನ್ನುವುದು ಲೆಕ್ಕದ ಕಡತದಲ್ಲಿ ಇತ್ತು. ತೋಟ ವಿಸ್ತರಿಸಿದರೆ ಕಂದಾಯದಲ್ಲಿ ಗೊತ್ತಾಗುತ್ತಿತ್ತು. ಬೇಡಿಕೆ ಎಷ್ಟು ಅನ್ನುವುದು ಅಂದಾಜಿನ ಮಾತಾಗಿರಲಿಲ್ಲ.

ಇನ್ನೊಂದು ಲೆಕ್ಕ ಇವತ್ತಿನದು. ಹನಿ ನೀರಾವರಿಯಲ್ಲಿ ಬೇಸಿಗೆಗೆ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅಂತ ಹೇಳುತ್ತಾರೆ. ಎಕರೆಗೆ ಹೆಚ್ಚುಕಡಿಮೆ 10,000 ಲೀಟರ್. ನಾಲ್ಕು ತಿಂಗಳಿಗೆ 12 ಲಕ್ಷ ಲೀಟರ್. ಈಗ ಒಂದು ಎಕರೆ ವಿಸ್ತೀರ್ಣದ ಸಣ್ಣ ಕೆರೆ ತಗೊಳ್ಳಿ, ಸರಾಸರಿ ಎರಡು ಮೀಟರ್ ಆಳ ನೀರು. ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆ ಅಂತ ಹಿಡಿದರೆ ನಾಲ್ಕು ತಿಂಗಳಲ್ಲಿ 60 ಸೆಂಟಿಮೀಟರ್ ಹೋಯಿತು. ಇಂಗುವುದನ್ನು ಸದ್ಯ ಬಿಡೋಣ. ಉಳಿದ 1.4 ಮೀಟರ್ ನೀರಿನಲ್ಲಿ ನಾಲ್ಕೂಮುಕ್ಕಾಲು ಎಕರೆ ತೋಟ ದಾಟಿಸಬಹುದು. ಅದೇ ಕೆರೆಗೆ ಒಂದು ಮೀಟರ್ ಹೂಳು ತುಂಬಿತು ಅನ್ನಿ. ನೀರು ಅರ್ಧವಾಯಿತು, ಆದರೆ ಬಿಸಿಲಿನ ಪಾಲು ಅಷ್ಟೇ ಇದೆ. ಉಳಿಯುವುದು 40 ಸೆಂಟಿಮೀಟರ್. ಅದರಲ್ಲಿ ಒಂದೂಕಾಲು, ಬಹಳ ಅಂದರೆ ಒಂದೂವರೆ ಎಕರೆಗೆ ಕಷ್ಟದಲ್ಲಿ ಸಾಲುತ್ತದೆ. ಅರ್ಧ ಹೂಳಿಗೆ ಮುಕ್ಕಾಲು ಭಾಗ ತೋಟ ಹೋಯಿತು. ಕೆರೆಯ ಬಂಡಿಗೆ ಶಾಶ್ವತ ದತ್ತಿ ಯಾಕೆ ಇಟ್ಟರು ಅನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಹಿಟಾಚಿ ತಂದು ತೆಗೆಸುವುದಕ್ಕೂ ವರ್ಷ ವರ್ಷ ನಾಲ್ಕು ಗಾಡಿ ಮಣ್ಣು ಎತ್ತುವುದಕ್ಕೂ ನಡುವೆ ತೋಟಕ್ಕೆ ಆಗುವ ನಷ್ಟವನ್ನು ಯಾವ ಎಸ್ಟಿಮೇಟಿನಲ್ಲೂ ಹಾಕುವುದಿಲ್ಲ.

ಹಾಗಾದರೆ ಈ ಏರ್ಪಾಡು ಎಲ್ಲಿ ಕಡಿದುಹೋಯಿತು? ಒಂದೇ ದಿನದಲ್ಲಿ ಅಲ್ಲ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಸಂಸ್ಥಾನದ 27,269 ಚದರ ಮೈಲಿಯಲ್ಲಿ ಶೇಕಡಾ 60ರಷ್ಟು ಕೆರೆ ಜಾಲದೊಳಗೆ ಬಂದುಬಿಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಬರೆದ. ಬೆರಗಿನಿಂದಲೇ ಬರೆದ. ಅದೇ ಕಾಲದಲ್ಲಿ ಇನಾಂ ಕಮಿಷನ್ ಕೂತು ಯಾರ ದತ್ತಿ ಸಿಂಧು, ಯಾರದು ಅಸಿಂಧು ಅಂತ ತೀರ್ಮಾನ ಮಾಡುತ್ತಿತ್ತು. ಕೆರೆಗಾಗಿ ಕೊಟ್ಟ ಕೊಡಗಿ ಇನಾಮುಗಳೂ ಆ ಜರಡಿಯೊಳಗೆ ಹೋದವು. ಕೆರೆ ಲೋಕೋಪಯೋಗಿ ಇಲಾಖೆಗೆ, ನೆಲ ಕಂದಾಯ ಇಲಾಖೆಗೆ. ಕಲ್ಲು ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ್ದನ್ನು ಕಚೇರಿ ಎರಡು ಕಡತ ಮಾಡಿತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ರೆಗ್ಯುಲೇಷನ್ ತಂದದ್ದು ಈ ಬಿರುಕು ಮುಚ್ಚುವ ಪ್ರಯತ್ನ ಅಂತ ನಾನು ಓದುತ್ತೇನೆ.

ಸ್ವಾತಂತ್ರ್ಯದ ನಂತರ 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳು ಬಂದವು. ಆಮೇಲೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. ಪಟೇಲ, ಶಾನುಭೋಗರ ಜೊತೆ ನೀರುಗಂಟಿಯ ಹುದ್ದೆಯೂ ಹೋಯಿತು. ಇಲ್ಲಿ ಮಾತು ಜಾರಬಾರದು. ಇನಾಂ ಪದ್ಧತಿಯಲ್ಲಿ ಅನ್ಯಾಯ ಇತ್ತು, ಉಳುವವನಿಗೆ ನೆಲ ಸಿಕ್ಕಿದ್ದು ದೊಡ್ಡ ಸಂಗತಿ. ಗೇಣಿ ಹೋರಾಟ ಹುಟ್ಟಿದ ಕಾಗೋಡು ಇದೇ ಸಾಗರ ತಾಲ್ಲೂಕಿನದು, ನಮಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನೀರುಗಂಟಿಯ ಹುದ್ದೆ ಕೂಡ ವಂಶಕ್ಕೆ, ಜಾತಿಗೆ ಕಟ್ಟಿಹಾಕಿದ ಚಾಕರಿಯಾಗಿತ್ತು. ಅದು ಹೋದದ್ದಕ್ಕೆ ಅಳುವ ಕಾರಣವಿಲ್ಲ. ಆದರೆ ತೂಬು ಎತ್ತುವ, ಕೋಡಿ ನೋಡುವ, ಹೆಗ್ಗಣದ ಬಿಲ ಮುಚ್ಚುವ ಕೆಲಸ ಹುದ್ದೆಯ ಜೊತೆ ರದ್ದಾಗುವುದಿಲ್ಲವಲ್ಲ. ಆ ಕೆಲಸಕ್ಕೆ ಬೇರೆ ಪಾಲು ಯಾರೂ ಇಡಲಿಲ್ಲ.

ಈಗ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ನಮ್ಮ ಮೂರು ತಾಲ್ಲೂಕಿನ ಬಹುತೇಕ ಕೆರೆ ಕಟ್ಟೆಗಳು ಮೊದಲನೆಯ ಗುಂಪಿನವು. 2000ದ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಜಲಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳನ್ನು ರಾಜ್ಯದ ಹಲವು ಜಿಲ್ಲೆಗಳಲ್ಲಿ ಕಟ್ಟಿತು. ವಿಚಾರ ಸರಿಯಾಗಿಯೇ ಇತ್ತು. ಸಂಘ ಇತ್ತು, ಪದಾಧಿಕಾರಿಗಳಿದ್ದರು, ಬೈಲಾ ಇತ್ತು. ಕೊಡಗೆಯ ಗದ್ದೆಯಂಥದು, ಅಂದರೆ ಯೋಜನೆಯ ಹಣ ನಿಂತ ಮೇಲೂ ವರ್ಷ ವರ್ಷ ತಾನಾಗಿ ಬರುವ ಹುಟ್ಟುವಳಿ, ಸಂಘಕ್ಕೆ ಇರಲಿಲ್ಲ. ಆನಂದಪುರದ ಚಂಪಕ ಸರಸ್ಸಿನ ಹೂಳು ತೆಗೆದು ಮತ್ತೆ ಚಂದ ಮಾಡಿದ್ದು ಸಾರ್ವಜನಿಕರ ಉತ್ಸಾಹದಿಂದ, ಒಬ್ಬ ಚಿತ್ರನಟರ ಸಂಸ್ಥೆಯ ನೆರವಿನಿಂದ. ಸಂತೋಷವೇ. ಆದರೆ ಎಲ್ಲ ಕೆರೆಗೂ ನಟರು ಸಿಗುವುದಿಲ್ಲ, ಸಿಕ್ಕಿದರೂ ಪ್ರತಿ ವರ್ಷ ಬರುವುದಿಲ್ಲ.

ಈ ನಡುವೆ ಕೆಳಗಿನ ಮೆಟ್ಟಿಲು ಬದಲಾಗಿದೆ. ಗದ್ದೆಯೆಲ್ಲ ತೋಟವಾಗುತ್ತಿದೆ. ಭತ್ತ ಮಳೆಗಾಲದ ನೀರನ್ನು ಮಾತ್ರ ಕೇಳುತ್ತಿತ್ತು, ಅಡಿಕೆ ಬೇಸಿಗೆಯಲ್ಲಿ ಕೇಳುತ್ತದೆ. ಒಂದು ಎಕರೆ ಗದ್ದೆ ತೋಟವಾದರೆ ಕಂದಾಯದ ಪುಸ್ತಕದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ, ಕೆರೆಯ ಮೇಲೆ 12 ಲಕ್ಷ ಲೀಟರ್ ಹೊಸ ಬೇಡಿಕೆ ಬಿದ್ದಿರುತ್ತದೆ. ಪೋರುಮಾಮಿಳ್ಳದ ಐದನೆಯ ದೋಷ. ಕೆರೆ ಕೊಡದಿದ್ದನ್ನು ಬೋರ್‌ವೆಲ್ ಕೊಡುತ್ತದೆ, ಬೋರ್ ಕೊಟ್ಟ ಮೇಲೆ ಕೆರೆಯ ಹೂಳಿನ ಚಿಂತೆ ಯಾರಿಗೂ ಇಲ್ಲ, ಹೂಳು ತುಂಬಿದ ಕೆರೆ ಬೋರಿಗೆ ನೀರು ಇಂಗಿಸುವುದಿಲ್ಲ. ರೈತನನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಅಡಿಕೆಯ ಬೆಲೆ, ಭತ್ತದ ಬೆಲೆ, ಕೂಲಿಯ ಅಭಾವ ಮೂರನ್ನೂ ನೋಡಿ ಅವನು ಮಾಡುವ ಲೆಕ್ಕ ಅವನ ಮಟ್ಟಿಗೆ ಸರಿಯೇ ಇದೆ. ಕಣಿವೆಯ ಮಟ್ಟದಲ್ಲಿ ಲೆಕ್ಕ ಇಡುವವರು ಇಲ್ಲ, ತೊಂದರೆ ಇರುವುದು ಅಲ್ಲಿ.

ತಾಳಗುಂದಕ್ಕೆ ವಾಪಸು ಹೋಗಬೇಕು, ಯಾಕೆಂದರೆ ಅಲ್ಲಿ ಈಗ ಇನ್ನೊಂದು ಅಧ್ಯಾಯ ಶುರುವಾಗಿದೆ. ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿ ಯೋಜನೆಯಲ್ಲಿ ತುಂಗಭದ್ರೆಯ ನೀರನ್ನು ಪಂಪಿನಿಂದ ಎತ್ತಿ, ಪೈಪಿನಲ್ಲಿ ತಂದು ಈ ಹೋಬಳಿಗಳ ಕೆರೆಗಳಿಗೆ ತುಂಬಿಸುತ್ತಾರೆ. ಮಳೆ ಕಡಿಮೆಯಾಗಿ ವರ್ಷಗಟ್ಟಲೆ ತುಂಬದ ಕೆರೆಗೆ ನೀರು ಬಂದರೆ ಯಾರಿಗೆ ಬೇಡ? ನಾನು ವಿರೋಧಿಯಲ್ಲ. ಆದರೆ ಈ ಯೋಜನೆಗಳಲ್ಲಿ ಕೆರೆಯ ಸ್ವಭಾವವೇ ಬದಲಾಗುತ್ತದೆ. ತೂಬಿನ ಕೆರೆಗೆ ಏರಿ ಗಟ್ಟಿಯಿದ್ದರೆ ಸಾಕು. ಪಂಪಿನ ಕೆರೆಗೆ ವಿದ್ಯುತ್ ಬಿಲ್, ಮೋಟಾರ್ ರಿಪೇರಿ, ವಾಲ್ವ್ ತಿರುಗಿಸುವ ಆಪರೇಟರ್, ಮೇಲಿನ ನದಿಯಲ್ಲಿ ನೀರು, ಇಷ್ಟೂ ಪ್ರತಿ ವರ್ಷ ಬೇಕು. ಹಳೆಯ ಕೆರೆಯ ನಿರ್ವಹಣೆಯನ್ನೇ ಯಾರ ಪಾಲಿಗೂ ಹಾಕದೆ ಬಿಟ್ಟ ವ್ಯವಸ್ಥೆ, ಅದಕ್ಕಿಂತ ಹಲವು ಪಟ್ಟು ನಿರ್ವಹಣೆ ಕೇಳುವ ಯಂತ್ರವನ್ನು ಅದೇ ಕೆರೆಯ ತಲೆಯ ಮೇಲೆ ಇಟ್ಟಿದೆ. ತುಂಬಿದ ನೀರಿನಲ್ಲಿ ಯಾರಿಗೆ ಎಷ್ಟು, ಖರ್ಚಿನಲ್ಲಿ ಯಾರದು ಎಷ್ಟು ಅನ್ನುವ ಹರಿಹರದ ಎರಡಕ್ಕೆ ಒಂದರಂಥ ಲೆಕ್ಕವನ್ನು ಊರು ಊರಿಗೆ ಕೂತು ಬರೆಯುವುದು ಪಂಪು ಕೂರಿಸುವುದಕ್ಕಿಂತ ಕಷ್ಟದ ಕೆಲಸ ಅನ್ನುವುದು ನನಗೂ ಗೊತ್ತು. ಕೆರೆಯಲ್ಲಿ ಹಿಡಿದ ಮೀನಿನ ಹರಾಜಿನ ಹಣ, ಹೂಳಿನ ಮಣ್ಣಿನ ಹಣ, ತೋಟದ ಎಕರೆಗೆ ಇಷ್ಟು ಅಂತ ವಂತಿಗೆ, ಇವುಗಳನ್ನು ಅದೇ ಕೆರೆಯ ಖಾತೆಗೆ ಕಟ್ಟಿ ಹಾಕಿದರೆ ಅದೇ ಇವತ್ತಿನ ಬಿತ್ತುವಟ್ಟ. ಇನಾಮು ಬೇಕಾಗಿಲ್ಲ, ವಂಶಪಾರಂಪರ್ಯ ಬೇಕಾಗಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಕೊಡಗಿ, ಕಟ್ಟುಕೊಡಗಿ, ಕೆರೆಕೊಡಗಿ ಎಂಬ ಹೆಸರು ಅಂಟಿಕೊಂಡ ಗದ್ದೆ, ಮಜರೆ, ಮಕ್ಕಿಗಳಿದ್ದರೆ ಅವುಗಳ ಪಟ್ಟಿ ಮಾಡಬೇಕೆಂದಿದ್ದೇನೆ. ಹೆಸರು ಜನರ ಬಾಯಲ್ಲಿ ಮಾತ್ರ ಇದ್ದರೂ ಸಾಕು. ಸರ್ವೆ ನಂಬರ್, ಅದು ಯಾವ ಕೆರೆಯ ಕೆಳಗಿದೆ, ತೂಬಿನಿಂದ ಎಷ್ಟು ದೂರ, ಈಗ ಗದ್ದೆಯೋ ತೋಟವೋ, ಇಷ್ಟು ತಿಳಿಸಿದರೆ 8ನೇ ಸಂಪುಟದ ಶಾಸನಗಳ ಎದುರಿಗೆ ಇಟ್ಟು ನೋಡಬಹುದು. ಹಳೆಯ ಆಕಾರಬಂದ್ ಪ್ರತಿ ಮನೆಯಲ್ಲಿದ್ದರೆ ಆ ಪುಟದ ಫೋಟೋ ಕಳಿಸಿ. ಏರಿಯ ಮೇಲೆ ಅಥವಾ ತೂಬಿನ ಹತ್ತಿರ ಬರಹವಿರುವ ಕಲ್ಲು ಕಂಡರೆ ದಯವಿಟ್ಟು ಸೀಮೆಸುಣ್ಣ, ಬಣ್ಣ ಬಳಿಯಬೇಡಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಓರೆಬಿಸಿಲಿನಲ್ಲಿ ತೆಗೆದ ಚಿತ್ರವೇ ಓದಲು ಸಾಕಾಗುತ್ತದೆ.